ಬೈಗುಳದ ಚೀಟಿಗಳು

ಆ ಬಟ್ಟೆ ಒಗೆಯುವ ಅಂಗಡಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಅಂತಲೇ ಕರೆಯುತ್ತಿದ್ದರು. ಬೈಯುವುದರಲ್ಲಿ ಎತ್ತಿದ ಕೈ. ಇಸ್ತ್ರಿಪೆಟ್ಟಿಗೆಯನ್ನೂ ಬೈದೇ ಬಿಸಿ ಮಾಡುತ್ತಾಳೆ ಎಂದು ಹಿಂದಿನ ಕೋಣೆಯ ಹೆಂಗಸರು ನಗುತ್ತಿದ್ದರು. ವರ್ಷಗಟ್ಟಲೆ ಆ ಕೋಣೆಯ ಹಬೆಯಲ್ಲಿ ನಿಂತೇ ಇಸ್ತ್ರಿ ಮಾಡಿ ಮೊಣಕಾಲು ಸವೆಸಿಕೊಂಡ ಮೇಲೆ, ಈಗಷ್ಟೇ ಅವಳಿಗೆ ಮುಂದಿನ ಕೌಂಟರಿನ ಕುರ್ಚಿ ಸಿಕ್ಕಿತ್ತು. ಕುರ್ಚಿಯ ಆಸೆ ಮಂತ್ರಿಗಳಿಗೆ ಮಾತ್ರ ಅಂದುಕೊಂಡವರು ಅವಳು ಅದರಲ್ಲಿ ಕೂರುವ ಗತ್ತನ್ನು ನೋಡಬೇಕಿತ್ತು.

ಆಗಲೇ ಯಜಮಾನರ ಅಳಿಯ ಹೊಸದೊಂದು ವೆಬ್ ಅಪ್ಲಿಕೇಶನ್ ಮಾಡಿಕೊಟ್ಟ. ಅದನ್ನು ನಡೆಸುವ ಕಂಪ್ಯೂಟರ್, ಅಂದರೆ ಸರ್ವರ್, ಇದ್ದದ್ದು ಊರಿನ ಇನ್ನೊಂದು ತುದಿಯ ಮುಖ್ಯ ಕಚೇರಿಯಲ್ಲಿ, ಅವನದೇ ಮೇಜಿನ ಮೇಲೆ. ಇಲ್ಲಿ ದೊಡ್ಡಕ್ಕ ಬ್ರೌಸರಿನಲ್ಲಿ ಗಿರಾಕಿಯ ಹೆಸರು ಬರೆದು 'ಪ್ರಿಂಟ್' ಒತ್ತಿದರೆ ಬಟ್ಟೆಗೆ ಚುಚ್ಚುವ ಚೀಟಿ ಬರಬೇಕು. ಬರಲಿಲ್ಲ. ತಂತಿ ಕಿತ್ತು ಸಿಕ್ಕಿಸಿದಳು, ಕಾಗದ ತೆಗೆದು ತುಂಬಿದಳು, ಆರಿಸಿ ಹಚ್ಚಿದಳು. ಪ್ರಿಂಟರಿನದೇ ಪರೀಕ್ಷೆಯ ಪುಟ ಮಾತ್ರ ಲಕ್ಷಣವಾಗಿ ಬಂತು. ಫೋನ್ ಮಾಡಿದರೆ ಅಳಿಯ, "ನಾನಿಲ್ಲಿ ಒತ್ತಿದ್ರೆ ಚೆನ್ನಾಗೇ ಬರ್ತಿದೆ. ತೊಂದ್ರೆ ನಿಮ್ಮ ಕೈಯಲ್ಲೇ ಇರ್ಬೇಕು," ಅಂದುಬಿಟ್ಟ.

ಆ ಕಡೆ ಅಳಿಯನ ಪಕ್ಕದಲ್ಲೇ ಇದ್ದ ಯಜಮಾನರು ಫೋನ್ ಕಸಿದುಕೊಂಡರು. "ಸಂಜೆಯೊಳಗೆ ಚೀಟಿ ಬರದಿದ್ರೆ ನೀನು ಇಸ್ತ್ರಿಗೆ ವಾಪಸ್. ಕೌಂಟರಿಗೆ ಬೇರೆಯವರನ್ನ ಕೂರಿಸ್ತೀನಿ."

ಅವಳ ಪಿತ್ತ ನೆತ್ತಿಗೇರಿತು. ಹೇಗೂ ಬರದ ಚೀಟಿ, ಏನು ಬರೆದರೇನು? ಗಿರಾಕಿಯ ಹೆಸರಿನ ಜಾಗದಲ್ಲಿ 'ಅಳಿಯರಾಯರ ಹರಕು ಚಡ್ಡಿ' ಎಂದು ಬರೆದು ಒತ್ತಿದಳು. ಏನೂ ಬರಲಿಲ್ಲ. 'ಅಳಿಯನ ಬುದ್ಧಿ, ಬಿಸಿನೀರಿನಲ್ಲಿ ಎರಡು ಸಲ ಒಗೆಯುವುದು' ಎಂದು ಒತ್ತಿದಳು. ಮನಸ್ಸು ಹಗುರವಾಗತೊಡಗಿತು. ಅದೇ ಗುಂಗಿನಲ್ಲಿ, 'ಮಾವನಿಗೆ ಕಣ್ಣಿಲ್ಲ, ಅಳಿಯನಿಗೆ ಕೆಲಸ ಬರಲ್ಲ' ಎಂದೂ ಒತ್ತಿಯೇಬಿಟ್ಟಳು.

ಫೋನ್ ಹೊಡೆದುಕೊಂಡಿತು. ಅಳಿಯನ ದನಿ ನಡುಗುತ್ತಿತ್ತು. "ದೊಡ್ಡಕ್ಕಾ, ಚಡ್ಡಿ ಹರಿದಿರೋದು ನಿಮಗೆ ಯಾರು ಹೇಳಿದ್ರು?"

ಅವಳು ಒತ್ತಿದ ಚೀಟಿಗಳೆಲ್ಲ ಅವನ ಮಗ್ಗುಲಿನ ಪ್ರಿಂಟರಿನಿಂದ ಉದುರುತ್ತಿದ್ದವು. ತನ್ನ ಪರೀಕ್ಷೆಯವೇ ಎಂದುಕೊಂಡು ಬೆಳಗಿನಿಂದ ಅವನು ಓದದೇ ಬುಟ್ಟಿಗೆ ಹಾಕಿದ್ದನಂತೆ; ಚಡ್ಡಿಯದು ಈಗ ಕಣ್ಣಿಗೆ ಬಿದ್ದಿತ್ತು.

"ಅಯ್ಯೋ, ಪ್ರಿಂಟ್ ಮಾಡೋ ಕೆಲ್ಸ ನಾನು ಸರ್ವರಿಗೇ ಒಪ್ಪಿಸಿಬಿಟ್ಟಿದ್ದೀನಿ," ಅಂದ. "ಅದು ತನ್ನ ಪಕ್ಕದ ಪ್ರಿಂಟರಿಗೇ ಕಳಿಸುತ್ತೆ. ನಿಮ್ಮದು ಅದರ ಕಣ್ಣಿಗೇ ಬೀಳಲ್ಲ. ಪ್ರಿಂಟ್ ಕೆಲ್ಸಾನ ನಿಮ್ಮ ಬ್ರೌಸರ್ ಮಾಡ್ಬೇಕಿತ್ತು."

ಮಧ್ಯಾಹ್ನದ ಹೊತ್ತಿಗೆ ಸರಿಪಡಿಸಿದ. ಅವಳ ಪ್ರಿಂಟರ್ ಗರಗರನೆ ಮೊದಲ ಚೀಟಿ ಕೊಟ್ಟಿತು. ಅದನ್ನು ನೋಡಿ ಹಿಗ್ಗುವ ಧೈರ್ಯ ಮಾತ್ರ ಅವಳಿಗಿರಲಿಲ್ಲ. ಮಾವನ ಚೀಟಿ ಮಾವನ ಕೈಗೇ ಸಿಕ್ಕಿದೆ ಎಂದು ಅಳಿಯ ಫೋನಿನಲ್ಲಿ ಪಿಸುಗುಟ್ಟಿದ್ದ.

ಸ್ವಲ್ಪ ಹೊತ್ತಿಗೆ ಯಜಮಾನರದೇ ಫೋನು. "ನನಗೆ ಕಣ್ಣಿಲ್ಲ ಅಂತ ಬರೆದೋಳು ನೀನೇನಾ?"

"ತಪ್ಪಾಯ್ತು. ಇಸ್ತ್ರಿಗೇ ಹೋಗ್ತೀನಿ ಬಿಡಿ." ಅವಳು ಕುರ್ಚಿಯಿಂದ ಎದ್ದೇಬಿಟ್ಟಳು.

ಆ ಕಡೆ ಬಾಗಿಲು ಮುಚ್ಚಿದ ಸದ್ದು. ಯಜಮಾನರು ದನಿ ತಗ್ಗಿಸಿದರು.

"ಎಲ್ಲೂ ಹೋಗ್ಬೇಡ, ಅಲ್ಲೇ ಕೂತಿರು. ಇವನನ್ನ ನಾನು ಬೈದ್ರೆ ಮಗಳು ಮಾತು ಬಿಡ್ತಾಳೆ. ನೀನೇ ಆಗಾಗ ಬೈತಿರು."