ಅಕ್ಕೋರಿಗೆ ನಾನು ಹಾಕಿದ ಅಂಕ

ಸಂಜೆ ಆರರ ಹೊತ್ತಿಗೆ ನಮ್ಮ ಅಕ್ಕೋರ ಸೀರೆಯನ್ನು ನೋಡಬೇಕಿತ್ತು. ಸೊಂಟದಿಂದ ಮೇಲೆ ಇಸ್ತ್ರಿ ಮುರಿಯದ ಸೀರೆ. ಮೊಣಕಾಲ ಹತ್ತಿರ ಬಂದರೆ ಬೆಲ್ಲದ ಅಂಟು, ಬಳಪದ ಪುಡಿ, ಎಣ್ಣೆ ಹಚ್ಚಿದ ತಲೆಗಳು ಒರಗಿದ ಕಲೆ, ಯಾವುದೋ ಕೂಸಿನ ಸಿಂಬಳ. ಔರಾದಿನಿಂದ ಬೀದರಿಗೆ ಬರುವ ಬಸ್ಸಿನಲ್ಲಿ ಪಕ್ಕದವರು ತಮ್ಮ ಬಟ್ಟೆ ಎಳೆದುಕೊಂಡು ಅತ್ತ ಸರಿದು ಕೂರುತ್ತಿದ್ದರು. ಅಕ್ಕೋರಿಗೆ ಅದರ ಪರಿವೆಯೇ ಇರಲಿಲ್ಲ. ಹಣೆ ತುಂಬ ವಿಭೂತಿ, ತೊಡೆಯ ಮೇಲೆ ಕೈಚೀಲ, ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡು ಕಿಟಕಿಯಾಚೆಯ ತೊಗರಿ ಹೊಲ ನೋಡುತ್ತ ಕೂತಿರುತ್ತಿದ್ದರು.

ಇಡೀ ಆಯುಷ್ಯ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ, ನಿವೃತ್ತರಾದ ಮೇಲೆ ನಮ್ಮ ಸಂಸ್ಥೆಗೆ ಬಂದವರು ಅವರು. ಶಾಲೆ ಬಿಡುವುದು ನಾಲ್ಕೂವರೆಗೆ. ತಾಯಿ ತಂದೆ ಹೊಲದಿಂದಲೋ ಅಂಗಡಿಯಿಂದಲೋ ಬರುವುದು ಕತ್ತಲಾದ ಮೇಲೆ. ನಡುವಿನ ಆ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಬೀದರ್, ಭಾಲ್ಕಿ, ಔರಾದ್ ಕಡೆ ಸಂಸ್ಥೆ ಕೇಂದ್ರಗಳನ್ನು ನಡೆಸುತ್ತಿತ್ತು. ಅವುಗಳಿಗೆ ಹೋಗಿ, ನೋಡಿ, ಅಂಕ ಹಾಕುವುದು ನಮ್ಮಿಬ್ಬರ ಕೆಲಸ. ಅರ್ಧಕ್ಕಿಂತ ಕಡಿಮೆ ಅಂಕ ಬಂದರೆ ಕೇಂದ್ರ ಮುಚ್ಚುತ್ತಿತ್ತು. ಶಾಲೆ ಕಲಿಸುವ ಹೆಂಗಸನ್ನು ಊರವರೆಲ್ಲ ಕರೆಯುವಂತೆ ನಾನೂ ಅವರನ್ನು ಅಕ್ಕೋರು ಎಂದೇ ಕರೆದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಒಳ್ಳೆಯವಳು ಅಂದುಕೊಳ್ಳಬಾರದು. ಮುಂದೆ ಅಕ್ಕೋರು ತಾವೇ ಒಂದು ಕೇಂದ್ರ ನಡೆಸಿದರು. ಅದನ್ನು ಅವರ ಕೈಯಿಂದ ತೆಗೆಯಬೇಕು ಎಂದು ಬರೆದವಳು ನಾನು. ಹಾಗೆ ಬರೆಯಲು ಕಲಿಸಿದವರೂ ಅವರೇ.

ನಾನು ಕೆಲಸಕ್ಕೆ ಸೇರಿದಾಗ ನನ್ನ ಜಂಬ ಕೇಳಬೇಡಿ. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದ್ದೆ. ಕೈಯಲ್ಲಿ ನಾಲ್ಕು ಪುಟದ ನಮೂನೆ ಇತ್ತು. ಕುಡಿಯುವ ನೀರು ಇದೆಯೇ, ಗೋಡೆಗೆ ಚಿತ್ರಪಟ ಇದೆಯೇ, ಹಾಜರಿ ಪುಸ್ತಕ ತುಂಬಿದೆಯೇ, ಹೀಗೆ. ಬೀದರ್ ನಗರದ ಒಂದು ಕೇಂದ್ರಕ್ಕೆ ಮೊದಲ ಸಲ ಹೋದಾಗ ಎಲ್ಲದಕ್ಕೂ ಸರಿ ಗುರುತು ಹಾಕಿದೆ. ಮಕ್ಕಳು ಸಾಲಾಗಿ ಕೂತು ಕೈಕಟ್ಟಿಕೊಂಡಿದ್ದವು. ಗೋಡೆಗೆ ಹೊಸ ಬಣ್ಣ. ಇಂಥ ಕೇಂದ್ರ ಜಿಲ್ಲೆಯಲ್ಲೇ ಇಲ್ಲ ಎಂದು ನಾನು ಬೀಗಿದೆ.

ಅಕ್ಕೋರು ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಕೇಳಿದರು, "ಆಕಿ ಸೀರಿ ನೋಡ್ದೇನು?"

ಮಕ್ಕಳನ್ನು ನೋಡಿಕೊಳ್ಳುವ ಕಾರ್ಯಕರ್ತೆಯ ಸೀರೆ. ನೆನಪಿಸಿಕೊಂಡೆ. ಗುಲಾಬಿ ಬಣ್ಣದ್ದು, ಒಂದು ಸುಕ್ಕೂ ಇಲ್ಲ. "ಭಾಳ ಸ್ವಚ್ಛ ಇತ್ತರಿ," ಅಂದೆ.

"ಹೌದಲ್ಲ? ಇಪ್ಪತ್ತು ಹುಡುಗುರು ಇದ್ದ ಜಾಗಾದಾಗ, ಆರಕ್ಕ, ಸೀರಿ ಸ್ವಚ್ಛ. ಒಂದು ಕೂಸರ ಆಕಿ ಹತ್ರ ಹೋಗ್ಯದೇನು? ಬಿದ್ದ ಕೂಸು ಓಡಿ ಹೋಗಿ ಯಾರ ಸೀರಿ ಹಿಡೀತದ, ಅದು ನೋಡು. ನೀರಿನ ಕೊಡಾ ಆಮ್ಯಾಲ ಎಣಸು."

ಅಂದಿನಿಂದ ನಾನು ಎಲ್ಲಿ ಹೋದರೂ ಮೊದಲು ಸೀರೆ ನೋಡುವುದನ್ನು ಕಲಿತೆ. ನಮೂನೆಯಲ್ಲಿ ಅದಕ್ಕೊಂದು ಮನೆ ಇರಲಿಲ್ಲ. ಅಂಚಿನಲ್ಲಿ ಬರೆಯುತ್ತಿದ್ದೆ.

ಆದರೆ ಒಂದು ಪಾಠ ಕಲಿತವರೆಲ್ಲ ಜಾಣರಾಗುವುದಿಲ್ಲ. ಭಾಲ್ಕಿ ತಾಲ್ಲೂಕಿನ ಹಲಬರ್ಗಾ ಕೇಂದ್ರಕ್ಕೆ ಒಂದು ದಿನ ಒಬ್ಬಳೇ ಹೋದೆ. ಮುಟ್ಟಿದಾಗ ಐದೂವರೆ ದಾಟಿತ್ತು. ಕೋಣೆಯ ಬಾಗಿಲು ತೆರೆದಿತ್ತು, ಒಳಗೆ ನರಪಿಳ್ಳೆ ಇಲ್ಲ. ಬರೆಯುವ ಪಾಟಿಗಳು ನೆಲದ ಮೇಲೆ, ಶೇಂಗಾದ ಸಿಪ್ಪೆ ಒಂದು ಮೂಲೆಗೆ. ಹತ್ತು ನಿಮಿಷ ಕಾದೆ. ನನ್ನ ತಲೆ ಬಿಸಿಯಾಯಿತು. ಏಳು ಗಂಟೆಯ ತನಕ ಇರಬೇಕಾದ ಕೇಂದ್ರವನ್ನು ಒಂದೂವರೆ ತಾಸು ಮೊದಲೇ ಬಿಟ್ಟು ಹೋಗಿದ್ದಾಳಲ್ಲ ಈಕೆ! ಅಲ್ಲಿಯೇ ನಿಂತು ಬರೆದೆ: ವೇಳೆಗೆ ಮುಂಚೆ ಬಿಡಲಾಗಿದೆ, ಮಕ್ಕಳಿಗೆ ಮೇಲ್ವಿಚಾರಣೆ ಇಲ್ಲ, ಕೇಂದ್ರ ಮುಚ್ಚುವುದು ಸೂಕ್ತ. ಬರೆದು ಬಸ್ಸು ಹಿಡಿದೆ.

ಮರುದಿನ ಅಕ್ಕೋರು ವರದಿ ಓದಿ ಕನ್ನಡಕ ತೆಗೆದಿಟ್ಟರು.

"ಬಾಗಲಾ ತೆರದಿತ್ತು ಅಂತ ಬರದಿ. ಮನಿಗಿ ಹೋಗೋರು ಬಾಗಲಾ ತೆರದಿಟ್ಟು ಹೋಗ್ತಾರೇನು?"

"ಮರ್ತಿರಬೇಕ್ರಿ."

"ಹುಡುಗುರು ಎಲ್ಲಿ ಹೋಗ್ಯಾವಂತ ಯಾರಿಗರ ಕೇಳ್ದೇನು?"

ಕೇಳಿರಲಿಲ್ಲ. ನಾನು ಕೇಂದ್ರ ನೋಡಲು ಹೋದವಳು, ಕೋಣೆ ನೋಡಿ ಬಂದಿದ್ದೆ. ಅಕ್ಕೋರು ಅವತ್ತೇ ಮಧ್ಯಾಹ್ನ ನನ್ನನ್ನು ಕರೆದುಕೊಂಡು ಹಲಬರ್ಗಾಕ್ಕೆ ಹೊರಟರು. ಅವರು ಕೋಣೆಯ ಕಡೆಗೆ ತಿರುಗಿಯೂ ನೋಡಲಿಲ್ಲ. ದಾರಿಯಲ್ಲಿ ಕಂಡ ಮುದುಕನನ್ನು ಕೇಳಿದರು, ಅವನು ಊರ ಹೊರಗಿನ ಹಾದಿಯ ಕಡೆ ಕೈ ತೋರಿಸಿದ. ಅಲ್ಲಿ ಬೇವಿನ ಮರದ ಕೆಳಗೆ ಕಾರ್ಯಕರ್ತೆ ನಿಂತಿದ್ದಳು, ಸುತ್ತ ಹದಿನೆಂಟು ಮಕ್ಕಳು. ಅವಳ ಸೀರೆಯ ಅವಸ್ಥೆಯನ್ನು ನಾನು ಹೇಳಬೇಕಾಗಿಲ್ಲ.

ಹೊಲದ ಕಡೆಯಿಂದ ಧೂಳು ಎದ್ದಿತು. ಕುರಿಗಳು ಬರತೊಡಗಿದವು. ಆ ಕೇಂದ್ರದ ಮಕ್ಕಳೆಲ್ಲ ಕುರಿ ಸಾಕುವವರ ಮಕ್ಕಳು. ಒಂದು ಹಿಂಡು ಮರದ ಹತ್ತಿರ ಬರುತ್ತಲೇ ಹಿಂದಿದ್ದ ಹೆಂಗಸು ಕೂಗು ಹಾಕಿದಳು. ಕಾರ್ಯಕರ್ತೆ ಇಬ್ಬರು ಮಕ್ಕಳ ಹೆಸರು ಹಿಡಿದು ಕರೆದು, ಕೈ ಹಿಡಿದು ನಡೆಸಿಕೊಂಡು ಹೋಗಿ ತಾಯಿಗೆ ಒಪ್ಪಿಸಿದಳು. ಹಾಗೆ ಒಂದೊಂದೇ ಹಿಂಡು, ಒಂದೊಂದೇ ಮನೆಯ ಮಕ್ಕಳು. ಕಾಯುತ್ತಿದ್ದ ಉಳಿದ ಮಕ್ಕಳು ಹಾದುಹೋಗುವ ಕುರಿ ಎಣಿಸುತ್ತಿದ್ದವು. ಎಣಿಕೆ ತಪ್ಪಿದವನನ್ನು ನೋಡಿ ಎಲ್ಲವೂ ಸೇರಿ ನಗುತ್ತಿದ್ದವು.

"ಕುರಿ ಬಿಟ್ಟು ಅವ್ರು ಓಣ್ಯಾಗ ಹ್ಯಾಂಗ ಬರ್ತಾರ್ರಿ ಅಕ್ಕೋರೆ?" ಎಂದಳು ಕಾರ್ಯಕರ್ತೆ. "ಹಿಂಡು ಮಂದಿ ಅಂಗಳದಾಗ ನುಗ್ತದ, ಜಗಳ ಆಗ್ತದ. ಅದಕ್ಕ ನಾವೇ ಇಲ್ಲಿ ಬರ್ತೇವ್ರಿ. ಕೊನಿ ಕೂಸು ಹೋದ ಮ್ಯಾಲ ನಾ ಹೋಗಿ ಬಾಗಲಾ ಹಾಕ್ತೇನಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಿಂದಿನ ದಿನ ನಾನು ಬರೆದ ಕಾಗದ ಆಗಲೇ ಮೇಲಿನವರ ಕೈ ಸೇರಿತ್ತು. ಆ ಹೆಣ್ಣುಮಗಳಿಗೆ ಅದು ಗೊತ್ತಿರಲಿಲ್ಲ; ಅಷ್ಟು ನಗುನಗುತ್ತ ನಮಗೆ ಚಹಾ ಕುಡಿದು ಹೋಗಿರಿ ಅನ್ನುತ್ತಿದ್ದಳು.

ಬಸ್ಸಿನಲ್ಲಿ ನಾನು ಅಕ್ಕೋರನ್ನು ಗೋಗರೆದೆ, ನೀವೇ ಒಂದು ಮಾತು ಹೇಳಿ ಆ ವರದಿ ತಡೆಯಿರಿ ಎಂದು.

"ನಾ ಯಾಕ ಹೇಳ್ಲಿ? ನೀ ಬರದಿ, ನೀನೇ ಅಳಸು. ಮಂದಿ ಮುಂದ ನಿಂತು ಅಳಸು. ತಪ್ಪು ತಿದ್ದಲಾಕ ಬರಲಾರ್ದೋರು ಮಂದಿಗಿ ಅಂಕ ಹಾಕಬಾರ್ದು, ತಂಗೀ."

ಭಾಲ್ಕಿಯಲ್ಲಿ ತಿಂಗಳ ಸಭೆ. ನಲವತ್ತು ಜನರ ಮುಂದೆ ಎದ್ದು ನಿಂತು, ನಾನು ಖಾಲಿ ಕೋಣೆ ನೋಡಿ ಬರೆದೆ, ಮಕ್ಕಳನ್ನು ಹುಡುಕಲಿಲ್ಲ, ತಪ್ಪು ನನ್ನದು ಎಂದೆ. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಯೋಜನೆಯ ಮುಖ್ಯಸ್ಥರ ಮುಖ ಕಹಿ ಹಾಗಲಕಾಯಿ ತಿಂದಂತಾಯಿತು. ಆದರೆ ಹಲಬರ್ಗಾ ಕೇಂದ್ರ ಉಳಿಯಿತು. ಅಕ್ಕೋರು ಮೂರನೇ ಸಾಲಿನಲ್ಲಿ ಕೂತು ಚೀಲದಲ್ಲಿ ಲವಂಗ ಹುಡುಕುತ್ತಿದ್ದರು, ನನ್ನ ಕಡೆ ನೋಡಲೇ ಇಲ್ಲ.

ಕೆಲವು ವರ್ಷಗಳಾದ ಮೇಲೆ ತಿರುಗಾಟ ಆಗುವುದಿಲ್ಲ ಎಂದು ಅವರು ಕೆಲಸ ಬಿಟ್ಟರು. ಬೀದರಿನ ಚಿದ್ರಿಯಲ್ಲಿದ್ದ ತಮ್ಮ ಮನೆಯ ಪಡಸಾಲೆಯಲ್ಲಿಯೇ ಹದಿನೈದು ಮಕ್ಕಳ ಕೇಂದ್ರ ಶುರು ಮಾಡಿದರು, ನಮ್ಮ ಸಂಸ್ಥೆಯದೇ. ಮಕ್ಕಳಿಲ್ಲದ ಅವರಿಗೆ ಆ ಹದಿನೈದು ಕೂಸುಗಳ ಗದ್ದಲವೇ ಜೀವ. ಚಿದ್ರಿ ಕೇಂದ್ರ ನೋಡುವ ಸರದಿ ನನಗೆ ಬಂದಾಗ ನಾನು ಹಬ್ಬಕ್ಕೆ ತವರಿಗೆ ಹೋಗುವಂತೆ ಹೋದೆ.

ಅವರ ಸೀರೆ ಎಂದಿಗಿಂತ ಹೊಲಸಾಗಿತ್ತು. ಗೋಡೆಗೆ ಒರಗಿ ಕೂತಿದ್ದರು, ತೊಡೆಯ ಮೇಲೊಂದು ತಲೆ, ಹೆಗಲಿಗೊಂದು ಕೂಸು. ಎದ್ದು ಬರಲಿಲ್ಲ. "ಬಾ ತಂಗೀ," ಎಂದರು, ನಾನು ಮಾತಾಡಿದ ಮೇಲೆ. ಅದನ್ನು ನಾನು ಗಮನಿಸಿದೆ, ಆದರೆ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ಪ್ರತಿ ಮಗುವಿನ ದನಿಗೂ ಅವರು ಹೆಸರು ಹಿಡಿದು ಉತ್ತರಿಸುತ್ತಿದ್ದರು. ನಾನು ಪೆನ್ನು ತೆಗೆದು ಪೂರ್ತಿ ಅಂಕ ಹಾಕುವುದರಲ್ಲಿದ್ದೆ. ಅಭ್ಯಾಸಬಲದಿಂದ ಬಾಯಿಬಿಟ್ಟು ತಲೆ ಎಣಿಸಿದೆ. ಹದಿನಾಲ್ಕು.

"ಹದಿನೈದೂ ಅವ, ಈಗ ಎಣಸೇನಿ," ಎಂದರು ಅಕ್ಕೋರು.

ಮತ್ತೆ ಎಣಿಸಿದೆ. ಹದಿನಾಲ್ಕೇ. ಕಮಲನಗರದಿಂದ ಹೊಸದಾಗಿ ಬಂದ ಮನೆಯವರ ಐದು ವರ್ಷದ ಹುಡುಗಿ ಇಲ್ಲ ಎಂದು ಮಕ್ಕಳೇ ಹೇಳಿದವು. ಮರಾಠಿ ಬಿಟ್ಟು ಬೇರೆ ಬಾರದ ಕಾರಣಕ್ಕೆ ಆ ಮಗು ಬಾಯಿಯನ್ನೇ ಬಿಡುತ್ತಿರಲಿಲ್ಲವಂತೆ. ಅಕ್ಕೋರು ಎಣಿಸುತ್ತಿದ್ದದ್ದು ಕಿವಿಯಿಂದ; ಮಾತಾಡದ ಆ ಕೂಸನ್ನು ಇದ್ದೇ ಇದೆ ಎಂದು ಸೇರಿಸಿಬಿಟ್ಟಿದ್ದರು. ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದು ಎಷ್ಟು ತಿಂಗಳಾಗಿತ್ತೋ, ಯಾರಿಗೂ ಹೇಳಿರಲಿಲ್ಲ.

ಗೇಟು ತೆರೆದಿತ್ತು. ಓಡಿದೆ. ಓಣಿಯ ತುದಿಯಲ್ಲಿ, ಬಸ್ಸುಗಳು ಓಡಾಡುವ ರಸ್ತೆಯ ಅಂಚಿಗೆ ಆ ಹುಡುಗಿ ಒಂದು ಕಾಲು ಕೆಳಗಿಟ್ಟು ನಿಂತಿದ್ದಳು, ಎದುರಿನ ಅಂಗಡಿಯ ಬಲೂನು ನೋಡುತ್ತ. ರಟ್ಟೆ ಹಿಡಿದು ಎತ್ತಿಕೊಂಡೆ. ಅವಳು ಆಗಲೂ ಮಾತಾಡಲಿಲ್ಲ.

ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಅಕ್ಕೋರ ಎದುರು ಕೂತು ವರದಿ ಬರೆದೆ. ಓದು ಎಂದರು. ಓದಿದೆ. ಕಾರ್ಯಕರ್ತೆಗೆ ಕಣ್ಣು ಕಾಣುವುದಿಲ್ಲ, ಮಗು ಹೊರಗೆ ಹೋದದ್ದು ತಿಳಿಯಲಿಲ್ಲ, ಮಕ್ಕಳನ್ನು ಇವರ ಬಳಿ ಬಿಡಬಾರದು.

ಅವರ ಮುಖ ಸಣ್ಣದಾಯಿತು. "ಒಂದೇ ಸಲ ಆಗ್ಯಾದಲ್ಲ ತಂಗೀ. ನಾಳಿಂದ ಗೇಟಿಗಿ ಕೀಲಿ ಹಾಕ್ತೇನಿ. ಇವು ಬರಲಿಲ್ಲಂದ್ರ ನಾ ಈ ಮನ್ಯಾಗ ಏನ್ ಮಾಡ್ಲಿ?"

ಅಷ್ಟು ವರ್ಷಗಳಲ್ಲಿ ಅವರು ನನ್ನಲ್ಲಿ ಏನನ್ನೂ ಬೇಡಿರಲಿಲ್ಲ. ಆ ಕಾಗದ ಹರಿದು ಹಾಕುವುದು ನನಗೆ ಎಷ್ಟು ಸುಲಭವಿತ್ತು! ಹರಿಯಲಿಲ್ಲ.

"ಅಕ್ಕೋರೆ, ಈ ಕೇಂದ್ರ ಬ್ಯಾರೆಯವ್ರದ ಇದ್ದಿದ್ರ ನೀವು ಏನ್ ಬರೀತಿದ್ರಿ?"

ಹೊರಗೆ ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಅದು ನಿಂತು ಮತ್ತೆ ಶುರುವಾಯಿತು. ಅಕ್ಕೋರು ಕೈ ಚಾಚಿದರು.

"ದಸ್ತಖತ್ ಎಲ್ಲಿ ಮಾಡ್ಬೇಕು? ಬಟ್ಟು ಹಿಡ್ದು ತೋರ್ಸು."

ಅವರ ತೋರುಬೆರಳು ಹಿಡಿದು ಗೆರೆಯ ಮೇಲೆ ಇಟ್ಟೆ. ಶಾಲೆಯ ಹಲಗೆಯ ಮೇಲೆ ಬರೆಯುವಷ್ಟು ದೊಡ್ಡ ಅಕ್ಷರದಲ್ಲಿ ಸಹಿ ಮಾಡಿದರು.

ಕೇಂದ್ರ ಅದೇ ಓಣಿಯ ಇನ್ನೊಂದು ಮನೆಗೆ, ಒಬ್ಬ ಚುರುಕು ಹುಡುಗಿಯ ಕೈಗೆ ಹೋಯಿತು. ಸಂಸ್ಥೆಯಲ್ಲಿ ಕೆಲವರು ನನ್ನನ್ನು ಗುರುದ್ರೋಹಿ ಅಂದರು. ಅನ್ನಲಿ. ನಾನು ಮಾಡಿದ್ದು ಸರಿ ಎಂಬುದರಲ್ಲಿ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ಆದರೆ ನಾಲ್ಕು ತಿಂಗಳು ಚಿದ್ರಿಯ ಕಡೆ ಕಾಲು ಹಾಕುವ ಧೈರ್ಯವಾಗಲಿಲ್ಲ.

ಅವರು ಹಾಸಿಗೆ ಹಿಡಿದಿದ್ದಾರೆ ಎಂದು ತಿಳಿದಾಗ ಹೋದೆ. ಮಂಚದ ಅಂಚಿಗೆ ಕೂತೆ. ಏನಾದರೂ ಹೇಳೋಣವೆಂದರೆ ಬರೀ ಅಳು ಬಂತು. ಅಕ್ಕೋರು ನನ್ನ ಕೈ ತಡವಿ ಹುಡುಕಿ ಹಿಡಿದುಕೊಂಡರು.

"ಆ ಕಮಲನಗರದ ಪೋರಿ ಹ್ಯಾಂಗ ಅದಾಳ?"

"ಛಲೋ ಅದಾಳ್ರಿ. ಈಗ ಕನ್ನಡ ಮಾತಾಡ್ಲತಾಳ. ಬಾಯಿ ಮುಚ್ಚಂದ್ರೂ ಮುಚ್ಚಂಗಿಲ್ಲ."

ಅವರು ಹಲ್ಲಿಲ್ಲದ ಬಾಯಲ್ಲಿ ನಕ್ಕರು. "ಜೀವಂತ ಅದಾಳಲ್ಲ. ಮತ್ತ್ ನೀ ಯಾಕ ಅಳ್ಲತ್ತಿ?"

ಅದರ ಮೂರನೇ ದಿನ ಅಕ್ಕೋರು ಲಿಂಗೈಕ್ಯರಾದರು. ನನ್ನ ಅಳುವನ್ನು ನಾನು ಆ ಮಂಚದ ಅಂಚಿನಲ್ಲಿಯೇ ಮುಗಿಸಿದ್ದೆ. ಮಣ್ಣು ಕೊಡುವಾಗ ಅಳಲಿಲ್ಲ.