ಬಿಸಿಲಿನ ಮೇಲೊಂದು ದೂರು

ಮಾನವ ಹಕ್ಕುಗಳ ಆಯೋಗದವರು ದಾವಣಗೆರೆಗೇ ದಯಮಾಡಿಸಿ ದೂರು ಕೇಳುತ್ತಾರೆಂದು ತಿಳಿದು, ನಾವಿಬ್ಬರು ಗುತ್ತೂರಿನಿಂದ ಬೆಳಗಿನ ಬಸ್ಸಿಗೇ ಹೊರಟೆವು. ಕೋರ್ಟಿನ ನಿವೃತ್ತ ಗುಮಾಸ್ತನಾದ ನಾನು, ಪಕ್ಕದ ಮನೆಯ ರುದ್ರಮ್ಮ. ಕಳೆದ ಬೇಸಿಗೆಯಲ್ಲಿ ಭತ್ತದ ಗದ್ದೆಯಲ್ಲಿ ಬಿಸಿಲಿಗೆ ಕುಸಿದ ಆಕೆಯ ಗಂಡ ಮತ್ತೆ ಏಳಲಿಲ್ಲ. ಈಚಿನ ಬಿಸಿಲು ಬರೀ ದೇವರ ಕೆಲಸವಲ್ಲ. ಕಲ್ಲಿದ್ದಲು, ಪೆಟ್ರೋಲು ಮಾರಿ, ಅದರ ಹೊಗೆಯಿಂದ ಭೂಮಿ ಕಾಯಿಸಿದ ದೊಡ್ಡ ಕಂಪನಿಗಳ ಪಾಲೂ ಅದರಲ್ಲಿದೆ. ಅವನ್ನು ಕರೆಸಿ ವಿಚಾರಿಸಬೇಕು ಎಂದು ಅರ್ಜಿ ಬರೆದವನು ನಾನೇ. ರುದ್ರಮ್ಮನಿಗೆ ಬೇಕಾದದ್ದು ಇಷ್ಟೇ: "ಯಾರಾದ್ರೂ ಒಬ್ರು, ಹೌದು ನಮ್ದು ತಪ್ಪೈತೆ ಅನ್ಲಿ ಅಣ್ಣಾರೆ."

ಹರಿಹರದಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಂದ ಅರ್ಧ ಗಂಟೆಯ ದಾರಿ. ಆಕೆಗೆ ಆಧಾರ್ ತೋರಿಸಿದರೆ ಉಚಿತ ಟಿಕೆಟ್ಟು. ಗಂಡಸಾಗಿ ಹುಟ್ಟಿದ ತಪ್ಪಿಗೆ ನಾನು ದುಡ್ಡು ತೆತ್ತೆ. ಸೀಟಿನ ರೆಕ್ಸಿನ್ ಆಗಲೇ ಹಂಚಿನಂತೆ ಕಾದಿತ್ತು. ದಾವಣಗೆರೆಯಲ್ಲಿ ಇಳಿದೊಡನೆ ಬೆಣ್ಣೆದೋಸೆ ತಿನ್ನೋಣವೆಂದೆ. "ಮೊದ್ಲು ಕೆಲ್ಸ ಆಗ್ಲಿ ತಗೀರಿ," ಎಂದಳು.

ಸಭಾಂಗಣದಲ್ಲಿ ಫ್ಯಾನುಗಳಿದ್ದವು, ಗಾಳಿ ಮಾತ್ರ ವೇದಿಕೆಯ ಮೇಲಿನವರಿಗೆ. ಅಧಿಕಾರಿ ಸಜ್ಜನರು, ಅರ್ಜಿಯನ್ನು ಪೂರ್ತಿ ಓದಿದರು.

"ಕಂಪನಿಗಳನ್ನ ನೇರವಾಗಿ ವಿಚಾರಿಸೋ ಅಧಿಕಾರ ನಮಗಿಲ್ಲ ಸ್ವಾಮಿ. ಸರ್ಕಾರಿ ನೌಕರರು ಹಕ್ಕು ಉಲ್ಲಂಘಿಸಿರಬೇಕು, ಇಲ್ಲಾ ತಡೆಯೋದರಲ್ಲಿ ಅಸಡ್ಡೆ ಮಾಡಿರಬೇಕು. ಅಂಥವರು ಯಾರಾದ್ರೂ ಇದಾರಾ?"

ಹೊಗೆ ಸರ್ಕಾರಿ ನೌಕರಿಯಲ್ಲಿಲ್ಲ ಎಂಬ ಸಂಗತಿ ಅರ್ಜಿ ಬರೆಯುವಾಗ ನನಗೆ ಹೊಳೆದಿರಲಿಲ್ಲ.

"ಆವತ್ತು ಸ್ಥಳಕ್ಕೆ ಯಾರೂ ಬರಲಿಲ್ವಾ?"

"ನರ್ಸಮ್ಮ ಬಂದಿದ್ರು," ಎಂದಳು ರುದ್ರಮ್ಮ.

"ಸರ್ಕಾರಿ ನರ್ಸಾ? ತಡವಾಗಿ ಬಂದಿದ್ದರೆ ಅವರ ಹೆಸರು ಬರೆದುಕೊಡಿ, ಇವತ್ತೇ ದಾಖಲಿಸ್ಕೋತೀವಿ."

ಹಳೇ ಚಟ ನೋಡಿ, ನಾನು ಪೆನ್ನಿನ ಮುಚ್ಚಳ ತೆಗೆದೇಬಿಟ್ಟೆ. ರುದ್ರಮ್ಮ ಕೈ ಹಿಡಿದಳು.

"ಬ್ಯಾಡ್ರಿ. ತನ್ನ ವೇಲು ನೆನೆಸಿ ನಮ್ಮನೇರ ತಲೀಗೆ ಸುತ್ತಿದಾಕಿ ಆಯಮ್ಮ. ಆ ಬಿಸ್ಲಾಗೆ ಓಡಿ ಬಂದಾಕಿ ಆಕಿ ಒಬ್ಳೇ. ಆಕಿ ಮ್ಯಾಲೆ ಬರೀತೀರಾ?"

ಅಧಿಕಾರಿ ತಲೆ ತಗ್ಗಿಸಿ ಅರ್ಜಿ ವಾಪಸ್ ಕೊಟ್ಟರು. ದೋಸೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಗುತ್ತೂರಿನಲ್ಲಿ ಇಳಿದಾಗ ನೆತ್ತಿ ಸುಡುತ್ತಿತ್ತು. ರುದ್ರಮ್ಮ ಅರ್ಜಿಯ ಫೈಲನ್ನು ತಲೆಗೆ ಅಡ್ಡ ಹಿಡಿದಳು. ನನ್ನ ಬರವಣಿಗೆ ಒಬ್ಬರಿಗೆ ನೆರಳಾದದ್ದು ಅದೇ ಮೊದಲು.

ಹಿಂದಿನಿಂದ ಬಂದ ಸ್ಕೂಟಿಯೊಂದು ಪಕ್ಕದಲ್ಲಿ ನಿಂತಿತು. ಅದೇ ನರ್ಸಮ್ಮ.

"ಇಂಥ ಬಿಸ್ಲಾಗೆ ಎಲ್ಲಿಗೆ ಹೋಗಿದ್ರಿ ಅಕ್ಕಾ? ಹತ್ರಿ, ಮನೀಗೆ ಬಿಡ್ತೀನಿ."

"ಎಲ್ಲೂ ಇಲ್ಲವ್ವ, ಹಿಂಗೇ ಪ್ಯಾಟಿಗೆ," ಎಂದ ರುದ್ರಮ್ಮ, ಫೈಲನ್ನು ಸೆರಗಿನೊಳಗೆ ಮುಚ್ಚಿಕೊಂಡು ಆಕೆಯ ಹಿಂದೆ ಹತ್ತಿ ಕೂತಳು.