ರಬಾಳೆಯ ಹಿಟ್ಟಿನ ಕಂಪ್ಯೂಟರ್

2014ರ ವಿಜಯದಶಮಿ. ಡೊಂಬಿವಲಿಯ ನಮ್ಮ ಮನೆಯಲ್ಲಿ ಹೋಳಿಗೆಗೆ ಬೇಳೆ ಬೇಯಲು ಇಟ್ಟಿದ್ದೆನಷ್ಟೆ, ಭಾವನ ಫೋನ್ ಬಂತು. "ಕಂಪ್ಯೂಟರ್ ನಿಂತುಹೋಗಿದೆ ಮಾರಾಯ್ತಿ, ಕೂಡಲೇ ಬಾ!" ನಾನು ಹತ್ತಿರದ ಕ್ಲಾಸಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳು. ಹಾಗಾಗಿ ನೆಂಟರಿಗೆಲ್ಲ ನಾನೇ ಇಂಜಿನಿಯರ್. ಒಲೆ ಆರಿಸಿ ಓಡಿದೆ.

ಭಾವ, ಅಂದರೆ ನನ್ನ ಅಕ್ಕನ ಗಂಡ, ಹೋಟೆಲಿನ ಗಲ್ಲಾ ಬಿಟ್ಟು ರಬಾಳೆಯಲ್ಲಿ ದೋಸೆ ಹಿಟ್ಟು ಪ್ಯಾಕ್ ಮಾಡುವ ಸಣ್ಣ ಕಾರ್ಖಾನೆ ಹಾಕಿದ್ದರು. ಠಾಣೆಯ ದೊಡ್ಡ ಅಂಗಡಿಯೊಂದರ ಮೊದಲ ಆರ್ಡರ್ ಅಂದು ಸಂಜೆ ಹೋಗಬೇಕಿತ್ತು. ತಪ್ಪಿದರೆ ಮುಂದೆ ಆರ್ಡರೇ ಇಲ್ಲ ಎಂದು ಅಂಗಡಿಯವರು ಮೊದಲೇ ಹೇಳಿದ್ದರು. ಠಾಣೆಯಲ್ಲಿ ರೈಲು ಬದಲಿಸಿ ಕಾರ್ಖಾನೆ ತಲುಪಿದೆ.

ಒಳಗೆ ಹೋದರೆ ಮೇಜಿಲ್ಲ, ಕೀಬೋರ್ಡಿಲ್ಲ, ಮೌಸಿಲ್ಲ.

"ಕಂಪ್ಯೂಟರ್ ಎಲ್ಲಿ ಭಾವ?"

"ಇದೇ ಅಲ್ವಾ!"

ಅವರು ತೋರಿಸಿದ್ದು ಹಿಟ್ಟು ತುಂಬುವ ಯಂತ್ರದ ಪಕ್ಕ ಕಂಬಕ್ಕೆ ಕೂರಿಸಿದ್ದ ಒಂದು ಪರದೆ. ಅದನ್ನು ಬೆರಳಿನಿಂದ ಒತ್ತಿದರೆ ಯಂತ್ರ ನಡೆಯುತ್ತದಂತೆ. ಶುರು ಮಾಡಿದರೆ ಸ್ವಲ್ಪ ಹೊತ್ತು ಓಡುತ್ತಿತ್ತು, ಮತ್ತೆ ಕಪ್ಪು. ಯಂತ್ರ ಮಾರಿದ ಕಂಪನಿಗೆ ಫೋನ್ ಮಾಡಿದರೆ ಹಬ್ಬದ ರಜೆ, "ಆಜ್ ಛುಟ್ಟಿ ಹೈ". ಡ್ರಮ್ಮುಗಳಲ್ಲಿ ಹಿಟ್ಟು ಉಬ್ಬುತ್ತಲೇ ಇತ್ತು.

ಕ್ಲಾಸಿನ ಕಂಪ್ಯೂಟರ್ ಹೀಗಾದರೆ ನಾನು ಮೊದಲು ಒಳಗಿನ ಬಿಸಿ ಆರಿಸುವ ಫ್ಯಾನ್ ನೋಡುತ್ತೇನೆ. ಇಲ್ಲಿ ಫ್ಯಾನೇ ಇಲ್ಲ! "ಹಿಟ್ಟು, ನೀರು ಸಿಡಿದು ಒಳಗೆ ಹೋಗ್ಬಾರ್ದು ಅಂತ ಇಟ್ಟಿಲ್ವಂತೆ" ಎಂದು ಹೇಳಿ ಭಾವ ಅಂಗಡಿಯವರ ಹತ್ತಿರ ಗೋಗರೆಯಲು ಫೋನ್ ಹಿಡಿದು ಗೇಟಿನ ಕಡೆ ಹೋದರು. ಹಾಗಾದರೆ ಬಿಸಿ ಹೊರಗೆ ಹೋಗುವುದು ಎಲ್ಲಿಂದ? ಪರದೆಯ ಹಿಂದೆ ಹೋಗಿ ನೋಡಿದೆ. ಬೆನ್ನ ತುಂಬ ದಪ್ಪ ಗೊಂಡೆಹೂವಿನ ಮಾಲೆ. ಅದರ ಮೇಲೆ ಜರಿಯಂಚಿನ ಹಸಿರು ರವಿಕೆ ಕಣ, ಅಚ್ಚುಕಟ್ಟಾಗಿ ಸಿಕ್ಕಿಸಿತ್ತು. ಹಿಂದಿನ ದಿನದ ಆಯುಧ ಪೂಜೆ!

ಪೂಜೆ ಮಾಡಿದ್ದು ಅಲ್ಲೇ ಕೂತಿದ್ದ ಭಾವನ ಅಮ್ಮ. ನಾನೂ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆ. "ಮುಂದೆ ಎಲ್ಲರೂ ಬೆರಳಿಡ್ತಾರಲ್ಲ, ಅದಕ್ಕೇ ಹಿಂದೆ ಉಡಿಸಿದೆ" ಎಂದರು. ನಾನು ಕಣ ತೆಗೆಯಹೋದೆ. "ಮುಟ್ಟಬೇಡ! ಸಂಜೆ ಮಂಗಳಾರತಿ ಆಗದೆ ತೆಗೀಬಾರ್ದು."

ಕಣವೇ ಕಾರಣ ಎಂದು ನನಗೂ ಖಾತ್ರಿ ಇರಲಿಲ್ಲ. ಆದರೂ ಅವರ ಕೈ ಹಿಡಿದು ಕಣದ ಅಡಿಗೆ ಇಟ್ಟೆ. ಅವರು ತಟ್ಟನೆ ಎಳೆದುಕೊಂಡರು.

"ಅಯ್ಯೋ ದೇವರೇ, ಪಾಪ, ಇದಕ್ಕೆ ಸೆಕೆ ಆಗಿದೆಯಲ್ಲೇ!"

ಸಂಜೆಯ ಮಂಗಳಾರತಿಯನ್ನು ಅತ್ತೆ ಆಗಲೇ ಎತ್ತಿ, ತಾವೇ ಕಣ, ಹೂ ತೆಗೆದರು. ಅಡಿಯಲ್ಲಿ ಸಾಲಾಗಿ ಲೋಹದ ಪಟ್ಟಿಗಳಿದ್ದವು. ಬಿಸಿ ಹೊರಗೆ ಹೋಗಬೇಕಾದದ್ದು ಅಲ್ಲಿಂದಲೇ. ಆರಲು ಬಿಟ್ಟು ಶುರು ಮಾಡಿದೆವು. ಪ್ರತಿ ಪ್ಯಾಕೆಟ್ ಬೀಳುವಾಗಲೂ ಈಗ ನಿಂತೀತು, ಈಗ ನಿಂತೀತು ಎಂದು ಪರದೆಯನ್ನೇ ನೋಡುತ್ತಿದ್ದೆವು. ನಿಲ್ಲಲಿಲ್ಲ. ಸಂಜೆ ಟೆಂಪೋ ಹೊರಟಿತು.

"ಏನಾಗಿತ್ತೇ ಅದಕ್ಕೆ?" ಎಂದರು ಭಾವ. ಅತ್ತೆ ಸೆರಗಿನ ತುದಿ ಹಿಂಡುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು.

"ಸೆಕೆ ಭಾವ. ಅಕ್ಟೋಬರ್ ಬಿಸಿಲಲ್ವಾ."

ಸ್ಟೇಷನ್ನಿನ ಟಿಕೆಟ್ ಯಂತ್ರ, ಎಟಿಎಂ, ಹಿಟ್ಟಿನ ಯಂತ್ರದ ಪರದೆ, ಎಲ್ಲವೂ ಕಂಪ್ಯೂಟರೇ ಎಂದು ಈಗ ಮಕ್ಕಳಿಗೆ ಮೊದಲ ಪಾಠದಲ್ಲೇ ಹೇಳುತ್ತೇನೆ. ಆ ಕಣದ ವಿಷಯ ಮಾತ್ರ ಯಾರಿಗೂ ಹೇಳಿರಲಿಲ್ಲ. ಕಳೆದ ವರ್ಷ ಅತ್ತೆ ತೀರಿಕೊಂಡರು. ಅದಕ್ಕೇ ಇಂದು ಬರೆಯುತ್ತಿದ್ದೇನೆ. ಓದಿ ಭಾವನಿಗೆ ಸಿಟ್ಟು ಬಂದರೆ ನನ್ನ ಮೇಲೆ ಬರಲಿ.